ಕೆಟ್ಟ ವಾರ ಹಿಡಿದು 2070ರ ಲೆಕ್ಕ ಕೂಡಿಸಿದ್ದು

2070ಕ್ಕೆ ದೇಶದ ಇಂಗಾಲದ ನಿವ್ವಳ ಹೊಗೆ ಸೊನ್ನೆಗೆ ಇಳಿಯಬೇಕಾದರೆ ಯಾವ ವಿದ್ಯುತ್ ಎಷ್ಟು ಬೇಕು ಎಂದು ಲೆಕ್ಕ ಹಾಕುವ 'ನೆಟ್ ಝೀರೋ' ಮಾಡೆಲ್ ಪುಣೆಯ ಕೋಥ್ರೂಡಿನ ನಮ್ಮ ಎರಡು ಕೋಣೆಯ ಆಫೀಸಿನಲ್ಲಿ ಕೊನೆಗೂ ಪೂರ್ತಿ ಓಡಿತು. ಅದೂ ಒಸೆಮೋಸಿಸ್ ಎನ್ನುವ ಮುಕ್ತ ಎನರ್ಜಿ ಪ್ಲ್ಯಾನಿಂಗ್ ಸಾಫ್ಟ್‌ವೇರ್ ಮೇಲೆ, ಲೈಸೆನ್ಸಿಗೆ ಒಂದು ಪೈಸೆ ಕೊಡದೆ. "ತಮ್ಮಾ, ಬಿಟ್ಟಿ ಸಾಫ್ಟ್‌ವೇರಿನಾಗ ದೇಶದ ಪ್ಲ್ಯಾನ್ ಆಗೂದಿಲ್ಲ" ಎಂದು ಎರಡು ವರ್ಷ ಹೇಳಿದ ಬೆಳಗಾವಿಯ ನಮ್ಮ ಸೀನಿಯರ್ ಈಗ ಅದೇ ಫೈಲ್ ಕೇಳುತ್ತಿದ್ದಾರೆ.

ಮೊದಲು ವರ್ಷಕ್ಕೆ 12 ಟೈಮ್ ಸ್ಲೈಸ್ ಇಟ್ಟಿದ್ದೆ, ಅಂದರೆ ಇಡೀ ವರ್ಷವನ್ನು 12 ಸರಾಸರಿ ತುಂಡು ಮಾಡಿದ್ದೆ. ಉತ್ತರ ನೋಡಲು ಚೆಂದ: ಎಲ್ಲೆಲ್ಲೂ ಸೋಲಾರ್, ಬ್ಯಾಟರಿ ಇಷ್ಟೇ ಇಷ್ಟು. ಮೋಡವೂ ಸರಾಸರಿ, ಗಾಳಿಯೂ ಸರಾಸರಿ ಆದಮೇಲೆ ಕೊರತೆ ಎಲ್ಲಿ ಕಾಣಬೇಕು? ಗಂಟೆಗಂಟೆಯ ಡೇಟಾ ತುಂಬಿದೆ. ಸಮೀಕರಣ ಬಿಡಿಸುವ ಸಾಲ್ವರ್ ಜಿಎಲ್‌ಪಿಕೆ ನಾಲ್ಕು ದಿನ ಓಡಿ ಮೆಮೊರಿ ಸಾಲದೆ ಬಿತ್ತು. ಕ್ಲೌಡ್ ಸರ್ವರ್ ಬಾಡಿಗೆಗೆ ಹಿಡಿದೆ. ಬಿಲ್ 40 ಸಾವಿರದ ಹತ್ತಿರ, ಉತ್ತರ 'ಇನ್‌ಫೀಸಿಬಲ್'. ಅಂದರೆ ಈ ಷರತ್ತಿನಲ್ಲಿ ಪರಿಹಾರವೇ ಇಲ್ಲ. ಹತ್ತು ದಿನ ಹುಡುಕಿದ ಮೇಲೆ ತಪ್ಪು ಸಿಕ್ಕಿತು: ಜಲವಿದ್ಯುತ್ತಿನ ಸಾಲಿನಲ್ಲಿ 31.536 (ಒಂದು ಗಿಗಾವ್ಯಾಟ್ ವರ್ಷವಿಡೀ ಓಡಿದರೆ ಬರುವ ಪೆಟಾಜೂಲ್ ಲೆಕ್ಕ) ಇರಬೇಕಾದ ಕಡೆ 1 ಉಳಿದುಬಿಟ್ಟಿತ್ತು.

ದಾರಿ ತೋರಿಸಿದ್ದು 2023ರ ಆಗಸ್ಟ್. 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಪಂಪ್‌ಸೆಟ್ಟೂ ಎಸಿಯೂ ನಿಲ್ಲದೆ ಓಡಿದವು. ಸೆಪ್ಟೆಂಬರ್ ಶುರುವಿಗೆ ಬೇಡಿಕೆ 240 ಗಿಗಾವ್ಯಾಟ್ ಮುಟ್ಟಿತು. ಅಂಥ ಕೆಟ್ಟ ವಾರಗಳನ್ನೇ ಆರಿಸಿ ಮಾಮೂಲಿ ದಿನಗಳ ಜೊತೆ ಕೂಡಿಸಿದೆ. ಯಾವ ವಾರಕ್ಕೆ ಎಷ್ಟು ತೂಕ ಎನ್ನುವುದು ನನ್ನ ಹತ್ತಿರವೇ ಇರಲಿ, ನಮ್ಮ ಅನ್ನ ಅದರಲ್ಲಿದೆ. ಸಾಲ್ವರ್ ಬದಲಿಸಿ ಹೈಸ್ ಹಾಕಿದೆ; 128 ಜಿಬಿ ರ‍್ಯಾಮಿನ ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್ 70 ಸಾವಿರಕ್ಕೆ ಸಿಕ್ಕಿತು. ಈಗ ರನ್ನಿಗೆ ಆರೇಳು ತಾಸು. ಬ್ಯಾಟರಿ ಮೊದಲಿನ ದುಪ್ಪಟ್ಟು ದಾಟಿತು; ಆ ಅಂಕಿ ನಂಬಬಹುದು.

ಕಡಿಮೆ ಖರ್ಚು ಹುಡುಕುವ ಮಾಡೆಲ್ ಪ್ರತಿ ಸಲ ಪಶ್ಚಿಮಘಟ್ಟಕ್ಕೇ ಪಂಪ್ಡ್ ಸ್ಟೋರೇಜ್ (ಹೆಚ್ಚಿನ ಕರೆಂಟಿನಲ್ಲಿ ನೀರು ಮೇಲಕ್ಕೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು) ಸುರಿಯುತ್ತದೆ. ಮಹಾರಾಷ್ಟ್ರದ ಘಾಟ್‌ಘರದ 250 ಮೆಗಾವ್ಯಾಟ್ ಈಗಾಗಲೇ ಇದೆ, ಇರಲಿ. ಶರಾವತಿ ಕಣಿವೆಯ 2000 ಮೆಗಾವ್ಯಾಟ್ ಪ್ರಸ್ತಾಪ ಸಿಂಗಳೀಕಗಳ ಕಾಡಿನೊಳಗಿನದು. ಅದರ ಮಿತಿಗೆ ಸೊನ್ನೆ ಬರೆದೆ. ದೇಶದ ಒಟ್ಟು ಖರ್ಚಿನಲ್ಲಿ ವ್ಯತ್ಯಾಸ ಕಣ್ಣಿಗೇ ಬೀಳಲಿಲ್ಲ. ಈ ಸೊನ್ನೆಯನ್ನು ಯಾರು ಕೇಳಿದರೂ ತೆಗೆಯುವುದಿಲ್ಲ.

ನಡುವೆ ಇನ್ನೊಂದು ನೋಡಿದೆ. ವಿಜಯಪುರದ ನಮ್ಮ ಕಾಕಾ ರಾತ್ರಿ ಪಾಳಿಯ ಕರೆಂಟಿಗೆ ಟಾರ್ಚ್ ಹಿಡಿದು, ಹಾವಿನ ಹೆದರಿಕೆಯಲ್ಲಿ ದ್ರಾಕ್ಷಿ ತೋಟಕ್ಕೆ ಹೋಗುತ್ತಿದ್ದವರು. "ಹಗಲಾಗ ಏಳು ತಾಸು ಕೊಟ್ರ ಸಾಕಪಾ" ಎಂದರು. ಪಂಪ್‌ಸೆಟ್ ಲೋಡನ್ನೆಲ್ಲ ಬೆಳಗಿನ ಹತ್ತರಿಂದ ಐದಕ್ಕೆ ಎಳೆದು ಶನಿವಾರ ರಾತ್ರಿ ರನ್ ಹಚ್ಚಿದೆ. ರವಿವಾರ ಚಹಾದ ಹೊತ್ತಿಗೆ ನೋಡಿದರೆ ರಾತ್ರಿ ಕಲ್ಲಿದ್ದಲೂ ಇಳಿದಿತ್ತು, ಬ್ಯಾಟರಿಯೂ ಇಳಿದಿತ್ತು. ಮೊದಲ ಫೋನ್ ಕಾಕಾಗೆ ಮಾಡಿದೆ.