ನೀರಿನ ಗೆರೆ: ಕ್ಯಾಟಲಿನಾ ಮಾದರಿ ಕಟ್ಟಿದ ನನ್ನ ಅನುಭವ

ನೀರಿನ ಮೇಲೆ ಇಳಿಯುವ ವಿಮಾನಗಳಿಗೆ ಸೀಪ್ಲೇನ್ ಅನ್ನುತ್ತಾರೆ. ನಾನು ಮೊದಲು ಕಟ್ಟಿದ ಸೀಪ್ಲೇನ್ ಮಾದರಿ ಅಂದ್ರೆ ಸೂಪರ್‌ಮರೀನ್ ಎಸ್.6ಬಿ. 1931ರ ಸೆಪ್ಟೆಂಬರ್‌ನಲ್ಲಿ ಸೀಪ್ಲೇನ್ ಪಂದ್ಯದ ಷ್ನೈಡರ್ ಟ್ರೋಫಿಯನ್ನು ಬ್ರಿಟನ್ನಿಗೆ ಕಾಯಂ ಆಗಿ ಗೆದ್ದುಕೊಟ್ಟ ವಿಮಾನ ಅದು. ಅದೇ ತಿಂಗಳು ಗಂಟೆಗೆ 650 ಕಿ.ಮೀ. ದಾಟಿ ವೇಗದ ದಾಖಲೆಯನ್ನೂ ಮಾಡಿತು. 1:72 ಅಳತೆಯಲ್ಲಿ, ಅಂದ್ರೆ ನಿಜದ ವಿಮಾನವನ್ನು 72 ಪಟ್ಟು ಚಿಕ್ಕದು ಮಾಡಿದರೆ, ಅದರ ರೆಕ್ಕೆ 13 ಸೆಂಟಿಮೀಟರ್ ಕೂಡ ಆಗುವುದಿಲ್ಲ. ಅಂಗೈ ಮೇಲೆ ಕೂರುವಷ್ಟು ಪುಟ್ಟದು. ಭಾಗಗಳೂ ಕಡಿಮೆ. ಎರಡು ಸಂಜೆಯಲ್ಲಿ ಮುಗಿಸಬಹುದು ಅಂದುಕೊಂಡಿದ್ದೆ.

ಫ್ಲೋಟ್‌ಗಳ, ಅಂದ್ರೆ ವಿಮಾನವನ್ನು ನೀರಿನ ಮೇಲೆ ತೇಲಿಸುವ ದೋಣಿಯಂಥ ಕಾಲುಗಳ ಹತ್ತಿರ ಬಂದಾಗ ನಿಂತುಹೋದೆ. ಕಣ್ಣಳತೆಯಲ್ಲೇ ಅಂಟಿಸಿದ್ದೆ. ಮೇಲಿಂದ ನೋಡಿದರೆ ಎರಡೂ ಸರಿಯಾಗೇ ಕಾಣುತ್ತಿದ್ದವು. ಮರುದಿನ ಮೇಜಿನ ಮೇಲಿಟ್ಟು ಎದುರಿನಿಂದ ನೋಡಿದೆ. ಒಂದು ಫ್ಲೋಟ್ ಹೊರಗೆ ವಾಲಿತ್ತು, ಇನ್ನೊಂದರ ಮೂತಿ ಕೆಳಗೆ ಬಾಗಿತ್ತು. ಬಿಡಿಸಲು ಹೋದರೆ ಸಣ್ಣ ಕಾಲೊಂದು ಪಟ್ ಅಂತ ಮುರಿಯಿತು. ಚಕ್ರದ ವಿಮಾನದಲ್ಲಿ ಸಣ್ಣ ಓರೆ ಇದ್ದರೂ ನಡೆಯುತ್ತದೆ, ಚಕ್ರ ಚಿಕ್ಕದು, ಯಾರ ಕಣ್ಣಿಗೂ ಬೀಳುವುದಿಲ್ಲ. ಫ್ಲೋಟ್ ಹಾಗಲ್ಲ. ಅದು ಹೆಚ್ಚುಕಮ್ಮಿ ವಿಮಾನದಷ್ಟೇ ಉದ್ದ. ಕೂದಲೆಳೆಯಷ್ಟು ತಪ್ಪಿದರೂ ಇಡೀ ವಿಮಾನವೇ ಸೊಟ್ಟಗೆ ಕಾಣುತ್ತದೆ.

ಅವತ್ತಿನಿಂದ ನಾನು ಫ್ಲೋಟ್‌ಗಳನ್ನು ವಿಮಾನಕ್ಕೆ ಅಂಟಿಸುವುದಿಲ್ಲ, ವಿಮಾನವನ್ನು ಫ್ಲೋಟ್‌ಗಳಿಗೆ ಅಂಟಿಸುತ್ತೇನೆ. ಗ್ರಾಫ್ ಕಾಗದದ ಮೇಲೆ ನಡುಗೆರೆ ಎಳೆದು, ಅದರ ಎರಡೂ ಕಡೆ ಫ್ಲೋಟ್‌ಗಳ ಜಾಗ ಗುರುತು ಮಾಡುತ್ತೇನೆ. ದಪ್ಪ ಫೋಮ್ ಬೋರ್ಡಿನಲ್ಲಿ ಆ ಅಳತೆಗೆ ಎರಡು ಸಂದು ಕೊರೆದು, ಫ್ಲೋಟ್‌ಗಳನ್ನು ಅದರೊಳಗೆ ಕೂರಿಸಿ ಟೇಪು ಹಾಕುತ್ತೇನೆ. ಆಮೇಲೆ ವಿಮಾನದ ಒಡಲನ್ನು ಮೇಲಿಂದ ನಿಧಾನವಾಗಿ ಇಳಿಸುತ್ತೇನೆ. ಅಂಟು ಕೂಡ ನಿಧಾನವಾಗಿ ಹಿಡಿಯುವಂಥದ್ದೇ ಬೇಕು, ತಿದ್ದಲು ಹತ್ತು ನಿಮಿಷವಾದರೂ ಸಿಗಬೇಕು. ಎಸ್.6ಬಿಯ ಫ್ಲೋಟ್‌ಗಳಿಗೂ ಒಡಲಿಗೂ ರೆಕ್ಕೆಗೂ ನಡುವೆ ಬಿಗಿತಂತಿಗಳಿವೆ. ಅವಕ್ಕೆ ಎಲಾಸ್ಟಿಕ್ ದಾರ ಹಾಕುವ ಮುಂಚೆ ಸುಮ್ನೆ ಒಂದು ನೂಲು ಹಿಡಿದು ಎಡ ಬಲ ಅಳೆದು ನೋಡಿ. ಎರಡೂ ಕಡೆ ಒಂದೇ ಉದ್ದ ಬಂದರೆ ಫ್ಲೋಟ್ ನೆಟ್ಟಗಿದೆ ಅಂತ ಅರ್ಥ.

ಆಮೇಲೆ ಕೈಗೆತ್ತಿಕೊಂಡದ್ದು ಕ್ಯಾಟಲಿನಾ, ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಗಸ್ತು ವಿಮಾನ. ಇದು ಫ್ಲೋಟ್ ಮೇಲೆ ನಿಲ್ಲುವ ವಿಮಾನವಲ್ಲ, ಒಡಲೇ ದೋಣಿ. ನನಗೆ ಈ ವಿಮಾನದ ಮೇಲೆ ಮೊದಲಿನಿಂದಲೂ ಒಂದು ಮಮತೆ. 1942ರ ಏಪ್ರಿಲ್ 4ರಂದು ಸಿಲೋನಿನ (ಈಗಿನ ಶ್ರೀಲಂಕಾ) ಕೊಗ್ಗಲದಿಂದ ಹೊರಟ ಒಂದು ಕ್ಯಾಟಲಿನಾ ದ್ವೀಪದ ಕಡೆ ಬರುತ್ತಿದ್ದ ಜಪಾನಿನ ನೌಕಾಪಡೆಯನ್ನು ಪತ್ತೆ ಮಾಡಿತು. ಕೆನಡಾದ ಲೆನರ್ಡ್ ಬರ್ಚಲ್ ಅದರ ನಾಯಕ. ರೇಡಿಯೋದಲ್ಲಿ ಸುದ್ದಿ ಕಳಿಸುತ್ತಿರುವಾಗಲೇ ವಿಮಾನವನ್ನು ಹೊಡೆದುರುಳಿಸಿದರು. ಮುಂದಿನ ವರ್ಷದಿಂದ ಅದೇ ಕೊಗ್ಗಲಕ್ಕೂ ಆಸ್ಟ್ರೇಲಿಯಾದ ಪರ್ತ್‌ಗೂ ನಡುವೆ ಕ್ವಾಂಟಾಸ್ ವಿಮಾನ ಕಂಪನಿಯ ಕ್ಯಾಟಲಿನಾಗಳು ಓಡಾಡಿದವು. ನಡುವೆ ಎಲ್ಲೂ ಇಳಿಯದೆ 27 ಗಂಟೆಗೂ ಜಾಸ್ತಿ ಹಾರಾಟ. ಪ್ರಯಾಣಿಕರು ದಾರಿಯಲ್ಲಿ ಎರಡು ಸಲ ಸೂರ್ಯೋದಯ ನೋಡುತ್ತಿದ್ದರು. ಅಷ್ಟು ಹೊತ್ತು ಸಮುದ್ರದ ಮೇಲೆ ಹಾರಿದ ವಿಮಾನ ಹೇಗಿರುತ್ತಿತ್ತು ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಕ್ಯಾಟಲಿನಾದಲ್ಲಿ ಎರಡು ಬಗೆ ನೆನಪಿಡಬೇಕು. ಪಿಬಿವೈ-5 ಬರೀ ಹಾರುವ ದೋಣಿ. 5ಎ ಮಾದರಿಗೆ ಚಕ್ರಗಳಿವೆ, ನೆಲದ ಮೇಲೂ ಇಳಿಯುತ್ತದೆ. 5ಎ ಕಟ್ಟುವವರು ಒಡಲು ಮುಚ್ಚುವ ಮುಂಚೆ ಮೂತಿಯೊಳಗೆ ಭಾರ ಹಾಕಬೇಕು, ಇಲ್ಲದಿದ್ದರೆ ಬಾಲ ನೆಲಕ್ಕೆ ಕೂರುತ್ತದೆ. ನಾನು ತೆಗೆದುಕೊಂಡದ್ದು ಪಿಬಿವೈ-5. ಇದನ್ನು ದಡಕ್ಕೆ ಎಳೆಯಬೇಕಾದರೆ ಕೆಲಸಗಾರರು ನೀರಿಗಿಳಿದು ಚಕ್ರದ ಚೌಕಟ್ಟುಗಳನ್ನು ಒಡಲಿಗೆ ಜೋಡಿಸುತ್ತಿದ್ದರು. ಬೀಚಿಂಗ್ ಗೇರ್ ಅನ್ನುತ್ತಾರೆ. ನನ್ನ ಮಾದರಿ ಹಾಗೆ ಆಗಷ್ಟೇ ದಡಕ್ಕೆ ಬಂದು ನಿಂತಿರಬೇಕು ಅಂತ ಆಸೆ.

ಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದೆ. ಒಳಭಾಗಕ್ಕೆ ಜಾಸ್ತಿ ಹೊತ್ತು ಕೊಡಲಿಲ್ಲ. ಪೈಲಟ್ ಕೋಣೆ, ಆಮೇಲೆ ಹಿಂದಿನ ಎರಡು ದೊಡ್ಡ ಗಾಜಿನ ಗುಬುಟುಗಳ ಕೋಣೆ, ಇಷ್ಟೇ ಹೊರಗೆ ಕಾಣುವುದು.

ಒಡಲಿನ ಎರಡು ಭಾಗ ಅಂಟಿಸಿದ ಮೇಲೆ ನಿಜವಾದ ಕೆಲಸ ಶುರುವಾಯಿತು. ಬೇರೆ ವಿಮಾನಗಳಲ್ಲಿ ಹೊಟ್ಟೆಯ ಕೆಳಗಿನ ಬೆಸುಗೆ ಗೆರೆಯನ್ನು ಪುಟ್ಟಿ ತುಂಬಿ, ಉಜ್ಜಿ, ನುಣ್ಣಗೆ ಮಾಡಿದರೆ ಮುಗಿಯಿತು. ಇಲ್ಲಿ ಹಾಗೆ ಉಜ್ಜಿದರೆ ಕೆಟ್ಟಿತು. ದೋಣಿಗೆ ತಳದಲ್ಲಿ ಏಣು ಇರಬೇಕು, ಪಕ್ಕದ ಅಂಚುಗಳು ಚೂಪಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಳದ ನಡುವೆ ಒಂದು ಮೆಟ್ಟಿಲು ಇದೆ. ವಿಮಾನ ಓಡುವಾಗ ನೀರು ತಳವನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಮೆಟ್ಟಿಲಿನ ಹಿಂದೆ ಗಾಳಿ ನುಗ್ಗಿದಾಗ ಆ ಹಿಡಿತ ತಪ್ಪುತ್ತದೆ, ವಿಮಾನ ಮೇಲೇಳುತ್ತದೆ. ಆ ಅಂಚನ್ನು ಉಜ್ಜಿ ದುಂಡಗೆ ಮಾಡಿದರೆ ನೀರಿನಿಂದ ಏಳಲಾರದ ವಿಮಾನ ಕಟ್ಟಿದ ಹಾಗೆ, ಅಲ್ವಾ? ಹಾಗಾಗಿ ಸ್ಪಂಜಿನ ಸ್ಯಾಂಡ್‌ಪೇಪರ್ ಪಕ್ಕಕ್ಕಿಟ್ಟೆ. 400 ಮತ್ತು 800 ನಂಬರಿನ ಕಾಗದವನ್ನು ಗಟ್ಟಿ ಪಟ್ಟಿಗೆ ಅಂಟಿಸಿ, ಒಂದು ಸಲಕ್ಕೆ ಒಂದೇ ಮುಖ ಉಜ್ಜಿದೆ. ಇನ್ನೊಂದು ಮುಖಕ್ಕೆ ಟೇಪಿನ ಕಾವಲು. ನಾಲ್ಕು ಸಂಜೆ ಹಿಡಿಯಿತು. ಈ ಮಾದರಿಯಲ್ಲಿ ನನಗೆ ಅತಿ ಇಷ್ಟವಾದ ಜಾಗ ಇವತ್ತಿಗೂ ಅದೇ.

ರೆಕ್ಕೆಯ ಅಗಲ ನಿಜದಲ್ಲಿ 31.7 ಮೀಟರ್, 1:72ರ ನನ್ನ ಮಾದರಿಯಲ್ಲಿ 44 ಸೆಂಟಿಮೀಟರ್. ಅಷ್ಟುದ್ದದ ರೆಕ್ಕೆ ನಡುವಿನ ಒಂದು ಕಂಬ ಮತ್ತು ನಾಲ್ಕು ಆಸರೆ ಕಡ್ಡಿಗಳ ಮೇಲೆ ನಿಲ್ಲಬೇಕು. ಒಳಗೆ ಹಿತ್ತಾಳೆ ಕಡ್ಡಿ ಹಾಕಿದೆ. ಇಲ್ಲದಿದ್ದರೆ ದಿನ ಕಳೆದಂತೆ ತುದಿಗಳು ಜೋತು ಬೀಳುತ್ತವೆ.

ಗಾಜಿನ ಗುಬುಟುಗಳಲ್ಲಿ ದೊಡ್ಡ ಪೆಟ್ಟು ತಿಂದೆ. ಬಣ್ಣದ ಕೆಲಸಕ್ಕೆ ಮುಂಚೆ ಎಡಗಡೆಯದನ್ನು ಸೂಪರ್‌ಗ್ಲೂ ಹಾಕಿ ಕೂರಿಸಿದ್ದೆ. ಬೆಳಿಗ್ಗೆ ನೋಡಿದರೆ ಒಳಗೆಲ್ಲ ಮಂಜು ಕವಿದ ಹಾಗೆ ಬೆಳ್ಳಗಾಗಿತ್ತು. ಅಂಟಿನ ಆವಿ ಒಳಗಡೆಯೇ ಕೂತಿತ್ತು. ಹೊಟ್ಟೆ ಚುರ್ ಅಂತು. ತೆಳ್ಳನೆ ಬ್ಲೇಡಿನಿಂದ ಜೀವ ಕೈಯಲ್ಲಿ ಹಿಡಿದು ಬಿಡಿಸಿದೆ. 2000, ಆಮೇಲೆ 4000 ನಂಬರಿನ ಕಾಗದವನ್ನು ಒದ್ದೆ ಮಾಡಿ ಒಳಗಿನಿಂದ ಉಜ್ಜಿದೆ. ಕೊನೆಗೆ ಟೂತ್‌ಪೇಸ್ಟ್ ಹಾಕಿ ಹತ್ತಿಯಿಂದ ತಿಕ್ಕಿ, ಹೊಳೆಯುವ ಅಕ್ರಿಲಿಕ್ ವಾರ್ನಿಷ್‌ನಲ್ಲಿ ಅದ್ದಿ, ಧೂಳು ಬೀಳದಂತೆ ಡಬ್ಬಿ ಮುಚ್ಚಿಟ್ಟೆ. ಮೊದಲಿಗಿಂತ ತಿಳಿಯಾಗಿ ಬಂತು. ಈಗ ಗಾಜಿನ ಭಾಗಕ್ಕೆ ಬಿಳಿ ಪಿವಿಎ ಅಂಟು ಬಿಟ್ಟರೆ ಬೇರೇನೂ ಮುಟ್ಟಿಸುವುದಿಲ್ಲ. ಬಣ್ಣ ತಾಗದಂತೆ ಮುಚ್ಚುವಾಗ ಅಗಲದ ಟೇಪು ಈ ಉಬ್ಬಿನ ಮೇಲೆ ಕೂರುವುದೇ ಇಲ್ಲ, ಸುಕ್ಕಾಗುತ್ತದೆ. ಒಂದು ಮಿಲಿಮೀಟರ್ ಪಟ್ಟಿಗಳಾಗಿ ಸೀಳಿ ಚೌಕಟ್ಟಿನ ಗುಂಟ ಹಚ್ಚಿ, ನಡುವೆ ದ್ರವ ಮಾಸ್ಕ್ ಬಳಿದೆ, ಒಣಗಿದ ಮೇಲೆ ಸಿಪ್ಪೆಯಂತೆ ಕಿತ್ತು ತೆಗೆಯುವಂಥದ್ದು.

ಬಣ್ಣಕ್ಕೆ ಅಮೆರಿಕದ ನೌಕಾಪಡೆಯ 1942ರ ಸುಮಾರಿನ ಜೋಡಿಯನ್ನು ಆರಿಸಿಕೊಂಡೆ. ಮೇಲೆ ನೀಲಿ ಬೂದು, ಕೆಳಗೆ ತಿಳಿ ಬೂದು. ಕಪ್ಪು ಪ್ರೈಮರ್ ಮೇಲೆ ಏರ್‌ಬ್ರಷ್‌ನಿಂದ ತೆಳ್ಳಗೆ, ಮೋಡ ಮೋಡವಾಗಿ ಹೊಡೆದೆ. ಡೆಕಾಲ್, ಅಂದ್ರೆ ಗುರುತುಗಳ ತೆಳು ಚಿತ್ರಪಟ್ಟಿ ಹಚ್ಚುವ ಮುಂಚೆ ಹೊಳಪು ವಾರ್ನಿಷ್ ಹಾಕಿದೆ. ಒರಟು ಮೇಲ್ಮೈ ಮೇಲೆ ಹಚ್ಚಿದರೆ ಡೆಕಾಲಿನ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿ ಬೆಳ್ಳಿಯಾಗಿ ಕಾಣುತ್ತದೆ.

ಸವೆತ ತೋರಿಸುವಾಗ ಒಂದು ಮಾತು ಮನಸ್ಸಿನಲ್ಲಿರಲಿ. ಕ್ಯಾಟಲಿನಾದ ಒಡಲು ಅಲ್ಯೂಮಿನಿಯಂ. ಆದರೆ ರೆಕ್ಕೆಯ ಹಿಂಭಾಗ, ಬಾಲದ ಮತ್ತು ರೆಕ್ಕೆಯ ಅಲುಗಾಡುವ ಹಲಗೆಗಳು ಬಟ್ಟೆ ಹೊದಿಸಿದವು. ಬಟ್ಟೆಯ ಮೇಲೆ ಬಣ್ಣ ಎದ್ದರೆ ಲೋಹ ಹೊಳೆಯುವುದಿಲ್ಲ. ತುಂಬಾ ಮಾದರಿಗಳಲ್ಲಿ ಅಲ್ಲೂ ಬೆಳ್ಳಿ ಚುಕ್ಕೆ ಇಟ್ಟಿರುವುದನ್ನು ನೋಡಿದ್ದೇನೆ. ನಾನು ಬಟ್ಟೆಯ ಜಾಗವನ್ನು ಬರೀ ಮಾಸಿದ ಬಣ್ಣದಲ್ಲಿ ಬಿಟ್ಟೆ. ಬೆಳ್ಳಿ ಚುಕ್ಕೆ ಇಟ್ಟದ್ದು ಹಗ್ಗ ಉಜ್ಜುವ ಮೂತಿಯ ಹತ್ತಿರ, ನೀರು ಚಿಮ್ಮಿ ಹೊಡೆಯುವ ಮುಂದಿನ ತಳದಲ್ಲಿ, ಇಂಧನ ತುಂಬಲು ಜನ ಹತ್ತಿ ಓಡಾಡುವ ನಡುರೆಕ್ಕೆಯ ಮೇಲೆ.

ಇನ್ನು ನೀರಿನ ಗೆರೆ, ಅಂದ್ರೆ ನೀರಿನಲ್ಲಿ ನಿಂತ ವಿಮಾನದ ಒಡಲಿನ ಮೇಲೆ ನೀರಿನ ಮಟ್ಟ ಬಿಟ್ಟುಹೋಗುವ ಕೊಳೆಯ ಗುರುತು. ಮೊದಲ ಸಲ ಒಡಲಿನ ತಗಡು ಗೆರೆಯ ಗುಂಟ ಟೇಪು ಹಚ್ಚಿ, ಕೆಳಗೆಲ್ಲ ಕೊಳೆ ಬಣ್ಣ ಹೊಡೆದಿದ್ದೆ. ಏನೋ ಸರಿ ಇಲ್ಲ ಅನ್ನಿಸುತ್ತಲೇ ಇತ್ತು. ಲಂಗರು ಹಾಕಿ ನಿಂತ ಕ್ಯಾಟಲಿನಾಗಳ ಹಳೇ ಫೋಟೋಗಳನ್ನು ಹರಡಿಕೊಂಡು ಕೂತಾಗ ಗೊತ್ತಾಯಿತು. ನೀರಿಗೆ ತಗಡಿನ ಗೆರೆ ಗೊತ್ತಿಲ್ಲ. ಅದು ಮಟ್ಟವಾಗಿ ನಿಲ್ಲುತ್ತದೆ ಅಷ್ಟೇ. ಕೊಳೆಯನ್ನೆಲ್ಲ ಒರೆಸಿ ತೆಗೆದೆ. ಫೋಟೋದಲ್ಲಿ ವಿಮಾನ ನೀರಿನ ಮೇಲೆ ಹೇಗೆ ನಿಂತಿದೆಯೋ ಅದೇ ಓರೆಯಲ್ಲಿ ಮಾದರಿಯನ್ನು ಮೇಜಿನ ಮೇಲೆ ಸ್ಪಂಜುಗಳ ನಡುವೆ ಕೂರಿಸಿದೆ. ಒಂದು ಮರದ ತುಂಡಿಗೆ ಪೆನ್ಸಿಲನ್ನು ಅಡ್ಡಲಾಗಿ ಕಟ್ಟಿ, ಮೊನೆಯನ್ನು ನೀರಿನ ಎತ್ತರಕ್ಕೆ ಹೊಂದಿಸಿದೆ. ಮರದ ತುಂಡನ್ನು ಮೇಜಿನ ಮೇಲೆ ಸರಿಸುತ್ತಾ ಮಾದರಿಯ ಸುತ್ತ ಒಂದು ಸುತ್ತು ಬಂದೆ. ಪೆನ್ಸಿಲ್ ಮೂತಿಯ ಹತ್ತಿರ ಮೇಲಕ್ಕೆ ಬಾಗಿದ ತಳವನ್ನು ಅಡ್ಡಕ್ಕೆ ಕತ್ತರಿಸಿತು, ಹಿಂದೆ ಬಾಲದ ಕಡೆ ಸಣ್ಣಗಾಗುತ್ತಾ ಹೋಗಿ ಎರಡೂ ಕಡೆಯ ಗೆರೆ ಒಂದನ್ನೊಂದು ಸೇರಿತು. ಅಷ್ಟರಲ್ಲೇ ಅದು ದೋಣಿಯಾಗಿಬಿಟ್ಟಿತ್ತು.

ಆ ಗೆರೆಯ ಗುಂಟ ಹಸಿರು ಮಿಶ್ರಿತ ಕಂದು ಆಯಿಲ್ ಪೇಂಟಿನ ಸಣ್ಣ ಚುಕ್ಕೆಗಳನ್ನಿಟ್ಟು, ಟರ್ಪೆಂಟೈನಿನಲ್ಲಿ ಅರ್ಧ ಒದ್ದೆಯಾದ ಚಪ್ಪಟೆ ಬ್ರಷ್‌ನಿಂದ ಕೆಳಕ್ಕೆ ಎಳೆದೆ. ಗೆರೆ ಒಂದೇ ಇರಲಿಲ್ಲ. ಟ್ಯಾಂಕ್ ತುಂಬಿದಾಗ ದೋಣಿ ಜಾಸ್ತಿ ಮುಳುಗುತ್ತದೆ, ಖಾಲಿಯಾದಾಗ ಮೇಲೇಳುತ್ತದೆ. ಅದಕ್ಕೆ ಎರಡು ಮಿಲಿಮೀಟರ್ ಮೇಲೆ ಇನ್ನೊಂದು ತೆಳು ಗೆರೆ ಎಳೆದೆ. ಅದರ ಮೇಲಂಚಿಗೆ ಉಪ್ಪು ಒಣಗಿದ ಹಾಗೆ ಬಿಳಿ ಬೂದು ಬಣ್ಣವನ್ನು ಒಣ ಬ್ರಷ್‌ನಿಂದ ಮುಟ್ಟಿಸಿದೆ. ರೆಕ್ಕೆ ತುದಿಯ ಪುಟ್ಟ ಫ್ಲೋಟ್‌ಗಳ ತಳಕ್ಕೂ ಇದೇ ಉಪಚಾರ.

ಇಡೀ ವಿಮಾನಕ್ಕೆ ಹೊಳಪಿಲ್ಲದ ವಾರ್ನಿಷ್ ಹೊಡೆದು ಒಂದು ದಿನ ಬಿಟ್ಟೆ. ಬೀಚಿಂಗ್ ಗೇರ್ ಜೋಡಿಸಿದೆ. ಆಮೇಲೆ ಗೆರೆಯ ಕೆಳಗೆ ಮಾತ್ರ, ಸಣ್ಣ ಬ್ರಷ್‌ನಿಂದ, ಹೊಳಪು ವಾರ್ನಿಷ್ ಬಳಿದೆ. ಪಕ್ಕದ ಅಂಚಿನಿಂದ ನಾಲ್ಕೈದು ಕಡೆ ಕೆಳಕ್ಕೆ ಜಾರುವ ಹಾಗೆ ಎಳೆದೆ. ಮೆಟ್ಟಿಲಿನ ಚೂಪು ಅಂಚಿನಲ್ಲಿ ದಪ್ಪ ಹೊಳಪು ಜೆಲ್‌ನ ಮೂರು ಹನಿ ಇಟ್ಟೆ. ದೀಪವನ್ನು ಕೆಳಕ್ಕೆ ತಂದು ನೋಡಿದಾಗ ಅವು ಇನ್ನೇನು ಬೀಳುವ ಹಾಗೆ ತೂಗುತ್ತಿದ್ದವು.