ಕಾರ್ಡ್ ಕೊಟ್ಟರೆ ಸಾಲದು, ಕೋರ್‌ಗಳನ್ನೂ ಬಿಟ್ಟುಕೊಡಬೇಕು

ನನ್ನ ದಿನದ ಕೆಲಸವೆಲ್ಲ ಲಿನಕ್ಸ್‌ನಲ್ಲಿ ನಡೆಯುತ್ತದೆ. ಆಟಗಳಿಗೆ ಮಾತ್ರ ಅದರೊಳಗೇ ಕೆವಿಎಂ (ವರ್ಚುವಲ್ ಮೆಷಿನ್, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಹುಸಿ ಕಂಪ್ಯೂಟರ್ ಓಡಿಸುವ ಲಿನಕ್ಸ್ ಸೌಲಭ್ಯ) ಮೂಲಕ ಓಡುವ ವಿಂಡೋಸ್ ಇದೆ. ಕಂಪ್ಯೂಟರ್ ಹೊಸದೇನಲ್ಲ: ರೈಜನ್ 7 3700ಎಕ್ಸ್, ಬಿ450 ಮದರ್‌ಬೋರ್ಡ್, 32 ಜಿಬಿ ಮೆಮೊರಿ. ಆಟಕ್ಕೆ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್. ಈ ಪ್ರೊಸೆಸರ್‌ಗೆ ಸ್ವಂತ ಗ್ರಾಫಿಕ್ಸ್ ಇಲ್ಲ, ಆದ್ದರಿಂದ ಲಿನಕ್ಸ್‌ನ ಪರದೆಗೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ಹಳೆಯ ಜಿಟಿ 710 ತಂದು ಎರಡನೆಯ ಸ್ಲಾಟ್‌ಗೆ ಹಾಕಿದೆ.

ಕಾರ್ಡನ್ನು ವರ್ಚುವಲ್ ಮೆಷಿನ್‌ಗೆ ಒಪ್ಪಿಸುವ ಕೆಲಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದಕ್ಕೆ ಮಾರ್ಗದರ್ಶಿಗಳು ಬೇಕಾದಷ್ಟಿವೆ. ಬಯಾಸ್‌ನಲ್ಲಿ ಐಒಎಂಎಂಯು (ಸಾಧನಗಳು ಮೆಮೊರಿ ಮುಟ್ಟುವುದನ್ನು ನಿಯಂತ್ರಿಸುವ ಘಟಕ) ಚಾಲೂ ಮಾಡಬೇಕು, ಅದರಲ್ಲಿ ಸಾಧನಗಳು ಸೇರಿರುವ ಗುಂಪುಗಳನ್ನು ನೋಡಬೇಕು (ಗುಂಪನ್ನು ಇಡಿಯಾಗಿಯೇ ಒಪ್ಪಿಸಬೇಕಾಗುತ್ತದೆ), ಕಾರ್ಡನ್ನು ವರ್ಚುವಲ್ ಮೆಷಿನ್‌ಗೆಂದು ಕಾಯ್ದಿರಿಸುವ ವಿಎಫ್ಐಒ ಚಾಲಕಕ್ಕೆ (ಡ್ರೈವರ್) ಕಟ್ಟಬೇಕು. ಬಿ450ಯಲ್ಲಿ ಚಿಪ್‌ಸೆಟ್‌ಗೆ ಸೇರಿದ ಸ್ಲಾಟ್ ಸಾಮಾನ್ಯವಾಗಿ ನೆಟ್‌ವರ್ಕ್, ಸಾಟಾ ಎಲ್ಲದರ ಜೊತೆ ಒಂದೇ ಗುಂಪಿನಲ್ಲಿರುತ್ತದೆ. ಹಾಗಾಗಿ ಆಟದ ಕಾರ್ಡ್ ಪ್ರೊಸೆಸರ್‌ಗೆ ನೇರ ಸೇರಿದ ಮೊದಲ ಸ್ಲಾಟ್‌ನಲ್ಲೇ ಇರಬೇಕು. ಇನ್ನೊಂದು ಸಂಗತಿ ಹಲವರ ಕಣ್ಣು ತಪ್ಪಿಸುತ್ತದೆ. 1660 ಸೂಪರ್ ನೋಡಲು ಒಂದು ಕಾರ್ಡ್, ಆದರೆ ವ್ಯವಸ್ಥೆಗೆ ಅದು ನಾಲ್ಕು ಸಾಧನ: ಗ್ರಾಫಿಕ್ಸ್, ಆಡಿಯೊ, ಯುಎಸ್‌ಬಿ ನಿಯಂತ್ರಕ, ಟೈಪ್-ಸಿ ನಿಯಂತ್ರಕ. ಯುಎಸ್‌ಬಿ ಭಾಗವನ್ನು ಲಿನಕ್ಸ್ ಬೂಟ್ ಆಗುವಾಗಲೇ ತನ್ನದಾಗಿಸಿಕೊಳ್ಳುತ್ತದೆ. ವಿಎಫ್ಐಒ ಅದಕ್ಕಿಂತ ಮೊದಲು ಲೋಡ್ ಆಗುವಂತೆ ಮಾಡಿ ನಾಲ್ಕನ್ನೂ ಒಟ್ಟಿಗೆ ಕಟ್ಟಬೇಕು.

ಇಷ್ಟಾದ ಮೇಲೆ ಆಟ ಓಡುತ್ತದೆ, ಆದರೆ ಮುಗ್ಗರಿಸುತ್ತದೆ. ನನ್ನ ವಿಂಡೋಸ್ ಒಂದು ಎನ್‌ವಿಎಂಇ ಡಿಸ್ಕ್‌ನಲ್ಲಿದೆ, ಆ ಡಿಸ್ಕನ್ನೂ ಇಡಿಯಾಗಿ ಪಾಸ್‌ಥ್ರೂ ಮಾಡಿದ್ದೇನೆ (ಕಾರ್ಡಿನಂತೆಯೇ ವರ್ಚುವಲ್ ಮೆಷಿನ್‌ಗೆ ಒಪ್ಪಿಸಿದ್ದೇನೆ). ಇದರಿಂದ ಒಂದು ಅನುಕೂಲ ಉಂಟು. ಬಯಾಸ್‌ನಲ್ಲಿ ಆ ಡಿಸ್ಕನ್ನೇ ಆರಿಸಿದರೆ ಅದೇ ವಿಂಡೋಸ್, ಅದೇ ಚಾಲಕ, ಅದೇ ಆಟ ನೇರವಾಗಿ ಯಂತ್ರದ ಮೇಲೆ ಓಡುತ್ತವೆ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಎರಡೂ ಕಡೆ ಕ್ಯಾಪ್‌ಫ್ರೇಮ್‌ಎಕ್ಸ್‌ನಲ್ಲಿ ಅಳೆದಾಗ ಸರಾಸರಿ ಫ್ರೇಮ್ ದರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಂತರವಿದ್ದದ್ದು ಅತಿ ನಿಧಾನದ ಶೇಕಡಾ 1 ಫ್ರೇಮ್‌ಗಳಲ್ಲಿ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಆಗೊಂದು ಈಗೊಂದು ಫ್ರೇಮ್ ಅದರ ಎರಡು ಮೂರು ಪಟ್ಟು ತೆಗೆದುಕೊಂಡರೂ ಸರಾಸರಿ ಕದಲುವುದಿಲ್ಲ, ಆದರೆ ಕಣ್ಣಿಗೆ ತಟ್ಟನೆ ಗೊತ್ತಾಗುತ್ತದೆ. ಅಂದರೆ ಕಾರ್ಡ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಅದಕ್ಕೆ ಕೆಲಸ ಒದಗಿಸುವ ಪ್ರೊಸೆಸರ್ ಸಮಯಕ್ಕೆ ಸಿಗುತ್ತಿರಲಿಲ್ಲ.

3700ಎಕ್ಸ್‌ನ ಎಂಟು ಕೋರ್‌ಗಳು ನಾಲ್ಕು ನಾಲ್ಕರಂತೆ ಎರಡು ಗುಂಪು. ಪ್ರತಿ ಗುಂಪಿಗೂ 16 ಎಂಬಿ ಎಲ್3 ಕ್ಯಾಶ್ (ಕೋರ್‌ಗಳ ಪಕ್ಕದ ವೇಗದ ಮೆಮೊರಿ) ಬೇರೆ. ಒಟ್ಟು ಲೆಕ್ಕ 32 ಎಂಬಿ ಆದರೂ ಯಾವ ಕೋರ್‌ಗೂ ಅಷ್ಟೂ ಹತ್ತಿರದಲ್ಲಿಲ್ಲ. ಏನೂ ಹೇಳದೆ ಬಿಟ್ಟರೆ ಲಿನಕ್ಸ್ ವರ್ಚುವಲ್ ಪ್ರೊಸೆಸರ್‌ಗಳನ್ನು ತನಗೆ ತೋಚಿದ ಕೋರ್‌ಗೆ ಅಟ್ಟುತ್ತಿರುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಒಂದು ಗುಂಪಿನಲ್ಲಿ ಬೆಚ್ಚಗಿದ್ದ ದತ್ತಾಂಶವನ್ನು ಇನ್ನೊಂದು ಗುಂಪು ಮತ್ತೆ ತರಿಸಿಕೊಳ್ಳಬೇಕಾಗುತ್ತದೆ.

ನಾನು ಎರಡನೆಯ ಗುಂಪನ್ನು ಇಡಿಯಾಗಿ ವಿಂಡೋಸ್‌ಗೆ ಬರೆದುಕೊಟ್ಟೆ. ಎಲ್‌ಎಸ್‌ಸಿಪಿಯು ಆಜ್ಞೆ ತೋರಿಸುವ ಪ್ರಕಾರ (ಪ್ರತಿ ಕೋರ್ ಏಕಕಾಲಕ್ಕೆ ಎರಡು ಥ್ರೆಡ್, ಅಂದರೆ ಕೆಲಸದ ಎಳೆ, ಓಡಿಸುತ್ತದೆ) ನನ್ನ ಯಂತ್ರದಲ್ಲಿ 4ನೇ ಕೋರ್‌ನ ಜೋಡಿ ಥ್ರೆಡ್ 12, 5ರ ಜೋಡಿ 13. ಆದ್ದರಿಂದ ವರ್ಚುವಲ್ ಪ್ರೊಸೆಸರ್ 0 ಮತ್ತು 1ನ್ನು 4 ಮತ್ತು 12ಕ್ಕೆ, 2 ಮತ್ತು 3ನ್ನು 5 ಮತ್ತು 13ಕ್ಕೆ ಕಟ್ಟಿದೆ, ಉಳಿದವೂ ಹೀಗೆಯೇ. ಸಾಲಾಗಿ 4, 5, 6, 7 ಎಂದು ಕೊಟ್ಟರೆ ಜೋಡಿಗಳು ತಪ್ಪುತ್ತವೆ. ಜೊತೆಗೆ ಪ್ರೊಸೆಸರ್ ವಿಧಾನವನ್ನು ಅಸಲಿ ಪ್ರೊಸೆಸರನ್ನೇ ತೋರಿಸುವ ಹೋಸ್ಟ್-ಪಾಸ್‌ಥ್ರೂ ಎಂದಿಟ್ಟು, ನಾಲ್ಕು ಕೋರ್, ಕೋರ್‌ಗೆ ಎರಡು ಥ್ರೆಡ್ ಎಂದು ಬರೆದು, ಕೋರ್-ಥ್ರೆಡ್ ಜೋಡಣೆಯನ್ನು ತಿಳಿಸುವ ಎಎಂಡಿಯ ಟೋಪೋಎಕ್ಸ್ಟ್ ಸೌಲಭ್ಯವನ್ನು ಸ್ಪಷ್ಟವಾಗಿ ಕೇಳಬೇಕು. ಇಲ್ಲದಿದ್ದರೆ ವಿಂಡೋಸ್‌ಗೆ ಎಂಟು ಬಿಡಿ ಕೋರ್ ಕಾಣುತ್ತವೆ, ಆಟದ ಎರಡು ಭಾರವಾದ ಥ್ರೆಡ್‌ಗಳನ್ನು ಅದು ಒಂದೇ ಕೋರ್‌ನ ಮೇಲೆ ಹೇರಬಹುದು. ವರ್ಚುವಲ್ ಮೆಷಿನ್ ಓಡಿಸುವ ಎಮ್ಯುಲೇಟರ್‌ನ ಸ್ವಂತ ಥ್ರೆಡ್‌ಗಳನ್ನು ಮೊದಲ ಗುಂಪಿಗೆ ಕಟ್ಟಿದೆ.

ಕಟ್ಟುವುದರಿಂದ ವಿಂಡೋಸ್ ಆಚೆ ಹೋಗುವುದಿಲ್ಲ, ಸರಿ. ಲಿನಕ್ಸ್ ಒಳಗೆ ಬರುವುದು ಮಾತ್ರ ನಿಲ್ಲುವುದಿಲ್ಲ. ಬೂಟ್ ಸಾಲಿನಲ್ಲಿ ಕೋರ್‌ಗಳನ್ನು ಬೇರ್ಪಡಿಸುವ ಐಸೋಲ್‌ಸಿಪಿಯೂಸ್ ಬರೆದರೆ ನಿಲ್ಲುತ್ತದೆ, ಆದರೆ ಆಟ ಆಡದ ಹೊತ್ತಿನಲ್ಲೂ ಅರ್ಧ ಪ್ರೊಸೆಸರ್ ದಂಡ. ವರ್ಚುವಲ್ ಮೆಷಿನ್‌ಗಳನ್ನು ನೋಡಿಕೊಳ್ಳುವ ಲಿಬ್‌ವರ್ಟ್‌ನ ಹುಕ್ ಕಡತದಲ್ಲಿ (ಮೆಷಿನ್ ಏಳುವಾಗ, ಮಲಗುವಾಗ ತಾನೇ ಓಡುವ ಸ್ಕ್ರಿಪ್ಟ್) ಲಿನಕ್ಸ್‌ನ ಪ್ರಕ್ರಿಯೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿಯ ಅಲೌಡ್‌ಸಿಪಿಯೂಸ್ ಬಳಸುವುದು ನನಗೆ ಹಿಡಿಸಿದ ದಾರಿ: ಮೆಷಿನ್ ಏಳುವಾಗ ಲಿನಕ್ಸ್‌ನ ಪ್ರಕ್ರಿಯೆಗಳು ಬಹುತೇಕ 0ರಿಂದ 3 ಮತ್ತು 8ರಿಂದ 11ರೊಳಗೆ ಸರಿದುಕೊಳ್ಳುತ್ತವೆ, ಮಲಗಿದ ಮೇಲೆ 0ರಿಂದ 15 ಮರಳಿ ಸಿಗುತ್ತವೆ. ಪರೀಕ್ಷೆಗೆ ವಿಂಡೋಸ್‌ನಲ್ಲಿ ಆಟ ಓಡುತ್ತಿರುವಾಗಲೇ ಲಿನಕ್ಸ್‌ನಲ್ಲಿ ಕರ್ನಲ್ ಕಂಪೈಲ್‌ಗೆ ಹಾಕಿದೆ. ಹಿಂದೆ ಗರಗಸದ ಹಲ್ಲಿನಂತಿದ್ದ ಫ್ರೇಮ್ ಸಮಯದ ಗೆರೆ ಬಹುಮಟ್ಟಿಗೆ ನೆಟ್ಟಗೆ ಹೋಯಿತು. ಒಟ್ಟು ಸುಧಾರಣೆಯಲ್ಲಿ ಸಿಂಹಪಾಲು ಈ ಎರಡು ಹೆಜ್ಜೆಗಳದ್ದೇ.

ಮೆಮೊರಿಗೆ ಹ್ಯೂಜ್‌ಪೇಜ್ (ದೊಡ್ಡ ಗಾತ್ರದ ಮೆಮೊರಿ ಪುಟ) ಕೊಟ್ಟೆ. 16 ಜಿಬಿಯನ್ನು 4 ಕೆಬಿಯ ಪುಟಗಳಲ್ಲಿ ಲೆಕ್ಕವಿಟ್ಟರೆ ನಲವತ್ತು ಲಕ್ಷ ದಾಟುತ್ತದೆ, 2 ಎಂಬಿಯವಾದರೆ 8,192 ಸಾಕು. ಮೆಮೊರಿ ಕಟ್ಟಿಹೋಗುತ್ತದೆ ಎಂದು ಇದಕ್ಕೆ ಹಿಂಜರಿಯುವವರಿದ್ದಾರೆ. ಪಾಸ್‌ಥ್ರೂ ಮಾಡಿದ ಕ್ಷಣದಿಂದಲೇ ಗೆಸ್ಟ್‌ನ (ಒಳಗೆ ಓಡುವ ವಿಂಡೋಸ್‌ನ) ಇಡೀ ಮೆಮೊರಿ ಬಂಧಿಯಾಗಿರುತ್ತದೆ, ಹಾಗಾಗಿ ಮೆಷಿನ್ ಓಡುವಷ್ಟು ಹೊತ್ತು ಕಳೆದುಕೊಳ್ಳುವುದು ಏನೂ ಇಲ್ಲ. ಬೂಟ್ ಸಮಯದಲ್ಲೇ ಕಾಯ್ದಿರಿಸಿಕೊಳ್ಳುವುದು ಕ್ಷೇಮ. ಆಮೇಲೆ ಮೆಮೊರಿ ಚೂರುಚೂರಾಗಿ, ಕೇಳಿದಷ್ಟು ಪುಟ ಸಿಗದೇ ಹೋಗಬಹುದು.

ಗಡಿಯಾರದ ವಿಷಯದಲ್ಲಿ ಹಳೆಯ ಸಲಹೆಗಳನ್ನು ನಂಬಬೇಡಿ. ಒಂದು ಕಾಲದಲ್ಲಿ ಎನ್‌ವಿಡಿಯಾದ ಜೀಫೋರ್ಸ್ ಚಾಲಕ ವರ್ಚುವಲ್ ಮೆಷಿನ್ ಎಂದು ಗೊತ್ತಾದರೆ ಕೋಡ್ 43 ತೋರಿಸಿ ಕೈಚೆಲ್ಲುತ್ತಿತ್ತು. ಅದನ್ನು ದಾಟಲು ಜನ, ವರ್ಚುವಲ್ ಮೆಷಿನ್‌ನಲ್ಲಿ ವಿಂಡೋಸ್ ಸಲೀಸಾಗಿ ಓಡಲು ನೆರವಾಗುವ ಹೈಪರ್-ವಿ ಸೌಲಭ್ಯಗಳನ್ನೇ ತೆಗೆದುಹಾಕುತ್ತಿದ್ದರು. 2021ರ 465 ಸರಣಿಯ ಚಾಲಕದಿಂದ ಈ ತಡೆ ಹೋಗಿದೆ. ಈಗ ಹೈಪರ್-ವಿ ಗಡಿಯಾರ, ಸಿನಿಕ್, ಎಸ್‌ಟೈಮರ್ (ಅದರ ಸಂಕೇತ ಮತ್ತು ಟೈಮರ್ ಸೌಲಭ್ಯಗಳು) ಎಲ್ಲವನ್ನೂ ಚಾಲೂ ಮಾಡಿ, ಅನುಕರಿಸಿದ ಗಡಿಯಾರವಾದ ಎಚ್‌ಪಿಇಟಿಯನ್ನು ಆಫ್ ಮಾಡುವುದೇ ಸರಿ. ಆಟಗಳು ಸಮಯವನ್ನು ಪದೇಪದೇ ಕೇಳುತ್ತವೆ. ಅನುಕರಿಸಿದ ಗಡಿಯಾರವಾದರೆ ಪ್ರತಿ ಸಲವೂ ಗೆಸ್ಟ್‌ನಿಂದ ಹೊರಬಂದು ಉತ್ತರ ತೆಗೆದುಕೊಂಡು ಹೋಗಬೇಕು.

ಎಚ್‌ಡಿಎಂಐ ಧ್ವನಿಯಲ್ಲಿ ಚಟಚಟ ಸದ್ದು ಉಳಿದಿತ್ತು. ವಿಂಡೋಸ್ ರಿಜಿಸ್ಟ್ರಿಯಲ್ಲಿ ಕಾರ್ಡ್‌ನ ಆಡಿಯೊ ಭಾಗಕ್ಕೆ ಎಂಎಸ್‌ಐ ವಿಧಾನದ ಇಂಟರಪ್ಟ್ (ಸಾಧನ ಪ್ರೊಸೆಸರ್‌ಗೆ ಕಳಿಸುವ ಸಂಕೇತ) ಚಾಲೂ ಮಾಡಿದ ಮೇಲೆ ಹೋಯಿತು.

ಇಷ್ಟೆಲ್ಲ ಮಾಡಿದರೂ ಕೆಲವು ಆಟಗಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ವ್ಯಾಲರಂಟ್‌ನ ಮೋಸ ತಡೆಯುವ ತಂತ್ರಾಂಶ ವ್ಯಾನ್‌ಗಾರ್ಡ್ ವರ್ಚುವಲ್ ಮೆಷಿನ್‌ಗಳನ್ನು ಒಪ್ಪುವುದಿಲ್ಲ. ಮೆಷಿನ್‌ನ ಗುರುತು ಮರೆಮಾಚುವ ತಂತ್ರಗಳಿವೆ, ಆದರೆ ಖಾತೆ ಕಳೆದುಕೊಳ್ಳುವ ಅಪಾಯ ಇರುವುದರಿಂದ ನಾನು ಅವುಗಳಿಗೆ ಕೈ ಹಾಕಿಲ್ಲ. ಅಂಥ ಆಟ ಬೇಕಾದ ದಿನ ಲಿನಕ್ಸ್ ಮುಚ್ಚಿ, ಬಯಾಸ್‌ನಿಂದ ಆ ಎನ್‌ವಿಎಂಇ ಡಿಸ್ಕನ್ನೇ ನೇರವಾಗಿ ಎಬ್ಬಿಸುತ್ತೇನೆ.