ಮುನ್ನೂರು ವರ್ಷದ ಹಳೇ ಅಂಕಿಗಳಿಂದ ಭೂಮಿಯ ಆಕಾರ ಲೆಕ್ಕ ಹಾಕಿದ್ದು

ಭೂಮಿಯ ಆಕಾರ ಅಳೆದವರ ಮೂಲ ಪುಸ್ತಕಗಳನ್ನು ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಓದಲು ಕೊಳ್ಳಬೇಕಾಗಿಯೂ ಇಲ್ಲ. ಫ್ರಾನ್ಸ್‌ನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ತಾಣದಲ್ಲಿ ಆ ಕಾಲದ ಪುಸ್ತಕಗಳ ಸ್ಕ್ಯಾನ್ ಪುಕ್ಕಟೆ ಸಿಗುತ್ತವೆ. ನನಗೆ ಫ್ರೆಂಚ್ ಅಷ್ಟಕ್ಕಷ್ಟೇ. ಆದರೆ ಕೋಷ್ಟಕ ಓದಲು ಭಾಷೆ ಯಾಕೆ ಬೇಕು? ಪೆನ್ಸಿಲ್, ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂತೆ.

ಭೂಮಿಯ ಆಕಾರದ ಬಗ್ಗೆ ಆಗ ವಿಜ್ಞಾನಿಗಳ ನಡುವೆ ಜಗಳ ಇತ್ತು. ಏನು ಅಂದರೆ, ಭೂಮಿ ಧ್ರುವಗಳ ಹತ್ತಿರ ಚಪ್ಪಟೆ ಎಂದು ನ್ಯೂಟನ್ ಹೇಳಿದ್ದ. ಫ್ರೆಂಚ್ ಖಗೋಳ ವಿಜ್ಞಾನಿ ಝಾಕ್ ಕ್ಯಾಸಿನಿ 1720ರ ತನ್ನ ಪುಸ್ತಕದಲ್ಲಿ ಉಲ್ಟಾ ಹೇಳಿದ. ಇಲ್ಲಿ ಡಿಗ್ರಿ ಎಂದರೆ ಅಕ್ಷಾಂಶ ಒಂದು ಡಿಗ್ರಿ ಬದಲಾಗಲು ನೆಲದ ಮೇಲೆ ಉತ್ತರ-ದಕ್ಷಿಣವಾಗಿ ಹೋಗಬೇಕಾದ ದೂರ. ಅವನ ಅಳತೆಯಲ್ಲಿ ಪ್ಯಾರಿಸ್‌ನ ಉತ್ತರಕ್ಕೆ ಒಂದು ಡಿಗ್ರಿ 56,960 ತ್ವಾಜ್, ದಕ್ಷಿಣಕ್ಕೆ 57,097. ಧ್ರುವದ ಕಡೆ ಡಿಗ್ರಿ ಚಿಕ್ಕದಾದರೆ ಭೂಮಿ ಮೊಟ್ಟೆಯ ಹಾಗೆ ಉದ್ದ, ದೊಡ್ಡದಾದರೆ ಚಪ್ಪಟೆ. ಒಂದು ತ್ವಾಜ್ ಎಂದರೆ 6 ಫ್ರೆಂಚ್ ಅಡಿ, ಸುಮಾರು 1.949 ಮೀಟರ್.

ಇದನ್ನು ತೀರ್ಮಾನಿಸಲು ಫ್ರೆಂಚ್ ವಿಜ್ಞಾನಿ ಮೊಪರ್ಟ್ವಿ 1736ರಲ್ಲಿ ಯುರೋಪಿನ ಉತ್ತರ ತುದಿಯ ಲಾಪ್‌ಲ್ಯಾಂಡ್‌ಗೆ ಹೊರಟ. ಅವನ 1738ರ ಪುಸ್ತಕ ಪ್ರವಾಸ ಕಥೆಯ ಹಾಗೆ ಓದಿಸಿಕೊಂಡು ಹೋಗುತ್ತದೆ. ಹೆಪ್ಪುಗಟ್ಟಿದ ನದಿಯ ಮೇಲೆ 30 ಅಡಿ ಉದ್ದದ ಮರದ ಕೋಲುಗಳನ್ನು ಜೋಡಿಸುತ್ತಾ ಎರಡು ತಂಡಗಳು ಬೇಸ್‌ಲೈನ್, ಅಂದರೆ ತ್ರಿಕೋನಗಳ ಲೆಕ್ಕಕ್ಕೆ ಆಧಾರವಾದ ಗೆರೆ, ಅಳೆದವು. ಏಳು ಸಾವಿರಕ್ಕೂ ಜಾಸ್ತಿ ತ್ವಾಜ್ ಉದ್ದದಲ್ಲಿ ಎರಡು ತಂಡಗಳ ವ್ಯತ್ಯಾಸ ನಾಲ್ಕು ಇಂಚು ಮಾತ್ರ! ಕುಡಿಯಲು ಗಟ್ಟಿಯಾಗದೆ ಉಳಿದದ್ದು ಬ್ರಾಂಡಿ ಒಂದೇ. ಬಟ್ಟಲಿಗೆ ತುಟಿ ಅಂಟಿಕೊಳ್ಳುತ್ತಿತ್ತಂತೆ. ಡಿಗ್ರಿಯ ಉದ್ದ 57,437 ತ್ವಾಜ್ ಬಂತು.

ಲೆಕ್ಕ ಸುಲಭ. ದೊಡ್ಡ ಡಿಗ್ರಿಯನ್ನು ಚಿಕ್ಕದರಿಂದ ಭಾಗಿಸಿ, ಬಂದದ್ದರಲ್ಲಿ 1 ಕಳೆಯಿರಿ. ಎರಡೂ ಜಾಗದ ಅಕ್ಷಾಂಶಗಳ ಸೈನ್ ವರ್ಗ ತೆಗೆದು, ಅವುಗಳ ವ್ಯತ್ಯಾಸದ ಮೂರರಷ್ಟರಿಂದ ಇದನ್ನು ಭಾಗಿಸಿ. ಅದೇ ಚಪ್ಪಟೆತನ, ಅಂದರೆ ಭೂಮಧ್ಯರೇಖೆಯ ತ್ರಿಜ್ಯಕ್ಕಿಂತ ಧ್ರುವದ ತ್ರಿಜ್ಯ ಎಷ್ಟು ಪಾಲು ಕಡಿಮೆ ಎನ್ನುವುದು. ಅಂದಾಜಿಗೆ ಇಷ್ಟು ಸಾಕು. ಲಾಪ್‌ಲ್ಯಾಂಡ್‌ಗೆ 66°20', ಪ್ಯಾರಿಸ್–ಅಮಿಯಾನ್ ನಡುವಿನ ಡಿಗ್ರಿಗೆ 49°22' ಹಾಕಿದೆ. ಈ ಫ್ರಾನ್ಸ್ ಡಿಗ್ರಿಯನ್ನು ಮೊದಲೇ ಅಳೆದಿದ್ದ ಪಿಕಾರನ, 1671ರಲ್ಲಿ ಅಚ್ಚಾದ 57,060 ಜೊತೆ ಹೋಲಿಸಿದರೆ ಸುಮಾರು 1/119. ಮೊಪರ್ಟ್ವಿ ತಂಡವೇ 1740ರಲ್ಲಿ ಅದೇ ಡಿಗ್ರಿಯನ್ನು ತಿದ್ದಿ ಕೊಟ್ಟ 57,183 ಹಾಕಿದರೆ 1/178. ಇಂದಿನ ಬೆಲೆ 1/298. ಚಪ್ಪಟೆ ಎನ್ನುವುದು ಸರಿ, ಎಷ್ಟು ಎನ್ನುವುದು ಪೂರಾ ತಪ್ಪು.

ಆಮೇಲೆ ಇನ್ನೊಬ್ಬ ಫ್ರೆಂಚ್ ವಿಜ್ಞಾನಿ ಬುಗೇರನ 1749ರ ಪುಸ್ತಕ ತೆರೆದೆ. ಇದು ಒಣ ಪುಸ್ತಕ, ಆದರೆ ನನ್ನ ಲೆಕ್ಕದಲ್ಲಿ ಮೊಪರ್ಟ್ವಿಗಿಂತ ಬೆಲೆಯುಳ್ಳದ್ದು. ಈಗಿನ ಈಕ್ವೆಡಾರ್‌ನ ಆಂಡಿಸ್ ಬೆಟ್ಟಗಳಲ್ಲಿ ವರ್ಷಗಟ್ಟಲೆ ಅಳೆದದ್ದು. ಚಿಂಬೊರಾಝೊ ಪರ್ವತ ತೂಗುಗುಂಡನ್ನು ತನ್ನ ಕಡೆ ಎಳೆಯುತ್ತದಾ ಎಂದೂ ಈತ ಪರೀಕ್ಷಿಸಿದ. ಇಲ್ಲಿ ಡಿಗ್ರಿ 56,753. ಫ್ರಾನ್ಸ್‌ಗೆ ಕ್ಯಾಸಿನಿಯ ಮಗ 1744ರಲ್ಲಿ ಕೊಟ್ಟ 57,074 ಹಾಕಿದರೆ 1/305 ಬರುತ್ತದೆ! ಅದೇ ಲಾಪ್‌ಲ್ಯಾಂಡ್ ಜೊತೆ ಹೋಲಿಸಿದರೆ 1/209. ಅಂದರೆ ಕಾಯಿಲೆ ಲಾಪ್‌ಲ್ಯಾಂಡ್‌ನದ್ದೇ ಅಲ್ವಾ? ಸ್ವೀಡನ್ನಿನ ಸ್ವಾನ್‌ಬರ್ಗ್ 1801–03ರಲ್ಲಿ ಅಲ್ಲೇ ಮತ್ತೆ ಅಳೆದಾಗ ಬಂದದ್ದು 57,196. ಹಳೇ ಅಂಕಿ 241 ತ್ವಾಜ್ ಜಾಸ್ತಿ ಇತ್ತು.

ಇಂಥ ಸ್ಕ್ಯಾನ್ ಓದುವವರಿಗೆ ಎರಡು ಮಾತು. ಆಗಿನ ಅಚ್ಚಿನಲ್ಲಿ ಪದದ ನಡುವಿನ ಎಸ್ ಅಕ್ಷರ ಎಫ್ ಥರ ಕಾಣುತ್ತದೆ. ಕಂಪ್ಯೂಟರ್ ಕೂಡ ಹಾಗೇ ಓದಿಕೊಂಡಿರುತ್ತದೆ, ಹುಡುಕುವಾಗ ಎಫ್ ಹಾಕಿಯೂ ನೋಡಿ. ಇನ್ನೊಂದು, ಮಡಚಿದ ನಕ್ಷೆಗಳನ್ನು ಬಿಚ್ಚದೆ ಸ್ಕ್ಯಾನ್ ಮಾಡಿದ ಪ್ರತಿಗಳು ತುಂಬಾ ಇವೆ. ತ್ರಿಕೋನಗಳ ಚಿತ್ರ ಇಲ್ಲದೆ ಕೋಷ್ಟಕ ಅರ್ಥವಾಗುವುದು ಕಷ್ಟ. ಬೇರೆ ಗ್ರಂಥಾಲಯದ ಪ್ರತಿ ಹುಡುಕಿ.

ಈಗ ದಕ್ಷಿಣ ಭಾರತವನ್ನು ಅಳೆದ ಬ್ರಿಟಿಷ್ ಸರ್ವೇಯರ್ ಲ್ಯಾಂಬ್ಟನ್‌ನ ವರದಿಗಳಿಗೆ ಬಂದಿದ್ದೇನೆ. ಅವು ಕಲ್ಕತ್ತಾದ 'ಏಷಿಯಾಟಿಕ್ ರಿಸರ್ಚಸ್' ಸಂಪುಟಗಳಲ್ಲಿವೆ. 1804ರ ಬೆಂಗಳೂರು ಬೇಸ್‌ಲೈನ್‌ನಲ್ಲಿ, ಮದ್ರಾಸಿನಿಂದ ತ್ರಿಕೋನಗಳ ಮೂಲಕ ಬಂದ ಲೆಕ್ಕಕ್ಕೂ ನೆಲದ ಮೇಲಿನ ಅಳತೆಗೂ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ. ಆದರೆ ಅವನು ಡಿಗ್ರಿಯನ್ನು ಫ್ಯಾದಮ್‌ನಲ್ಲಿ ಕೊಡುತ್ತಾನೆ. ಅದೂ 6 ಅಡಿಯೇ, ಆದರೆ ಇಂಗ್ಲಿಷ್ ಅಡಿ. ಸುಮ್ನೆ ತ್ವಾಜ್ ಜೊತೆ ಬೆರೆಸಬೇಡಿ, ಮೊದಲು 1.066ರಿಂದ ಭಾಗಿಸಿಕೊಳ್ಳಿ.